ಖಾಲಿ ಜಾಗದ ದನಿ

"ಸತ್ತವರು ರೇಡಿಯೋದಲ್ಲಿ ಮಾತಾಡ್ತಾರಾ?" ಎಂದು ಕೇಳಿ ಆ ಹಲ್ಲಿನ ಡಾಕ್ಟರು ನಮ್ಮ ಹಜಾರದ ಬೆತ್ತದ ಕುರ್ಚಿಯಲ್ಲಿ ಕುಸಿದರು. ಮಧ್ಯಾಹ್ನ ಮೂರರ ಬಿಸಿಲು ಪರದೆಯಲ್ಲಿ ಸೋಸಿ ಬಂದು, ಹಜಾರ ನೀರಿನಡಿಯಲ್ಲಿದ್ದ ಹಾಗೆ ಕಾಣುತ್ತಿತ್ತು.

"ಮೊದಲು ನೀರು ಕುಡೀರಿ," ಎಂದಳು ಟ್ರಂಕಕ್ಕ.

ನಾನೂ ಅವಳೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತಾರು ವರ್ಷ ಅಕ್ಕಪಕ್ಕ ಕೂತು ಊರವರ ಟ್ರಂಕ್ ಕಾಲ್ ಜೋಡಿಸಿದವರು. ಅವಳಿಗೆ ಆ ಹೆಸರು ಅಂಟಿದ್ದು ಅಲ್ಲೇ. ನಿವೃತ್ತಿಯಾದ ಮೇಲೆ ಒಂದೇ ಮನೆಯಲ್ಲಿದ್ದೇವೆ. ಜನ ತಮ್ಮ ಗೋಜಲುಗಳನ್ನು ಬಿಡಿಸಿಕೊಳ್ಳಲು ಅವಳ ಹತ್ತಿರ ಬರುತ್ತಾರೆ.

ಡಾಕ್ಟರು ನಿಧಾನವಾಗಿ ಹೇಳಿದರು. ಅವರ ಗಂಡ ತೀರಿಕೊಂಡು ಎಂಟು ತಿಂಗಳಾಗಿತ್ತು. ಆತ ತನಗೆ ತೋಚಿದ್ದನ್ನೆಲ್ಲ ಬೆರಳಗಲದ ಮ್ಯೂಸಿಕ್ ಪ್ಲೇಯರಿನಲ್ಲಿ ಮಾತಾಡಿ ತುಂಬಿಸಿಡುತ್ತಿದ್ದ. ಅವರ ಕಾರು ಹಳೆಯದು. ಸ್ಟೀರಿಯೋಗೆ ವೈರು ಚುಚ್ಚಲು ತೂತಿಲ್ಲ, ಕ್ಯಾಸೆಟ್ಟಿನ ಬಾಯಿ ಕಚ್ಚಿಕೊಂಡಿದೆ, ರೇಡಿಯೋ ಒಂದೇ ಜೀವಂತ. ಅದಕ್ಕೆ ಆತ ಬ್ಯಾಟರಿಯ ಪುಟ್ಟ ಟ್ರಾನ್ಸ್‌ಮಿಟರ್ ತಂದಿದ್ದ. ಅದನ್ನು ಪ್ಲೇಯರಿಗೆ ಸಿಕ್ಕಿಸಿದರೆ, ಎಫ್‌ಎಂನಲ್ಲಿ ಯಾವ ಸ್ಟೇಷನ್ನೂ ಇಲ್ಲದ ಎಂಬತ್ತೆಂಟರ ಖಾಲಿ ಜಾಗದಲ್ಲಿ ದನಿಯನ್ನು ಎಸೆಯುತ್ತದೆ, ರೇಡಿಯೋ ಹಿಡಿಯುತ್ತದೆ. ಡಾಕ್ಟರು ದಿನಾ ಬೆಳಿಗ್ಗೆ ಗಂಡನ ಮಾತು ಕೇಳುತ್ತಾ ಕ್ಲಿನಿಕ್ಕಿಗೆ ಹೋಗುತ್ತಿದ್ದರು.

ಸೋಮವಾರ ಕಾರಿನಲ್ಲಿಟ್ಟಿದ್ದ ಎರಡೂ ಮಾಯ. ಕಾರಿನ ಬೀಗ ಒಡೆದಿರಲಿಲ್ಲ. ಒಂದು ಕೀ ಡಾಕ್ಟರ ಬ್ಯಾಗಿನಲ್ಲಿ, ಒಂದು ಡ್ರೈವರನ ಹತ್ತಿರ, ಇನ್ನೊಂದು ಅವರ ಮನೆಯ ಹಜಾರದ ಮೊಳೆಯಲ್ಲಿ. ಮೈದುನ ಹಿಂದೆಮುಂದೆ ನೋಡದೆ, ಶನಿವಾರದಿಂದ ಕೆಲಸಕ್ಕೆ ಬರಬೇಡ ಎಂದು ಡ್ರೈವರನಿಗೆ ಹೇಳಿಬಿಟ್ಟಿದ್ದ.

"ನಿನ್ನೆ ಮಧ್ಯಾಹ್ನ ಪೋರ್ಟಿಕೋದಲ್ಲಿ ನಿಂತ ಕಾರಲ್ಲಿ ಸುಮ್ನೆ ಕೂತು ರೇಡಿಯೋ ಹಾಕ್ದೆ," ಎಂದರು ಡಾಕ್ಟರು. "ಅವರು ಮಾತಾಡಿದ್ರು. ಅರ್ಧ ನಿಮಿಷ. ನಾನು ತಲೆಯೆತ್ತಿ ಸುತ್ತ ನೋಡೋದ್ರೊಳಗೆ ನಿಂತುಹೋಯ್ತು."

"ಆಗ ಡ್ರೈವರ್ ಎಲ್ಲಿದ್ದ?"

"ಔಷಧಿ ತರೋಕೆ ಪೇಟೆಗೆ ಹೋಗಿದ್ದ."

"ಬೇರೆ ಏನಾದ್ರೂ ಸದ್ದು?"

"ಮಹಡಿ ಮೇಲೆ ಬಾಡಿಗೆಗಿರೋ ದರ್ಜಿಯ ರೇಡಿಯೋದಲ್ಲಿ ಸಿನಿಮಾ ಹಾಡು. ಅದು ನಿಲ್ಲೋದೇ ಇಲ್ಲ."

ಅವತ್ತೇ ಅವರ ಮನೆಗೆ ಹೋದೆವು. ಕಾರಿನ ಡ್ರಾಯರಿನಲ್ಲಿ ಪ್ಲೇಯರಿನ ಇಯರ್‌ಫೋನು ಹಾಗೇ ಸುತ್ತಿಟ್ಟಿತ್ತು. ಮೈದುನ ಕಿವಿಯಲ್ಲಿ ಮೊಬೈಲಿನ ಹಾಡು ಸಿಕ್ಕಿಸಿಕೊಂಡೇ, ಕಳ್ಳ ಯಾರೆಂದು ಎಲ್ಲರಿಗೂ ಗೊತ್ತಿದೆ ಎಂದ. ಪೋರ್ಟಿಕೋಗೆ ತೆರೆದ ಕಿಟಕಿಯ ಕೋಣೆಯಲ್ಲಿ ಡಾಕ್ಟರ ಅತ್ತೆ ಮಂಚದ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದರು. ಎರಡು ಕಿವಿಯಲ್ಲೂ ಶ್ರವಣಯಂತ್ರ. ದಿಂಬಿನ ಬಳಿ ಹಳೆಯ ರೇಡಿಯೋ ಇತ್ತು. ನಾನು ಸುಮ್ಮನೆ ಆನ್ ಮಾಡುವ ಗುಂಡಿ ತಿರುಗಿಸಿದೆ. ಬರೀ ಸುಯ್ಯೆನ್ನುವ ಸದ್ದು, ದೂರದ ಮಳೆಯ ಹಾಗೆ. "ಕೆಟ್ಟಿದೆ ಕಣಮ್ಮ," ಎಂದರು ಅಜ್ಜಿ. ಟ್ರಂಕಕ್ಕ ರೇಡಿಯೋದ ಮುಳ್ಳನ್ನೇ ನೋಡುತ್ತಿದ್ದಳು.

ಶುಕ್ರವಾರ ಸಂಜೆ ಅವಳು ಎಲ್ಲರನ್ನೂ ಪೋರ್ಟಿಕೋದಲ್ಲಿ ಕೂರಿಸಿದಳು. ದರ್ಜಿ ಟೇಪನ್ನು ಕೊರಳಿಗೆ ಹಾಕಿಕೊಂಡೇ ಇಳಿದುಬಂದಿದ್ದ. ಡ್ರೈವರ್ ಮಾತ್ರ ಕೂರದೆ ಕಂಬಕ್ಕೊರಗಿ ನಿಂತಿದ್ದ. ಬೆಳಕು ಹಳದಿಯಾಗಿ ಕಾರಿನ ಗಾಜಿನ ಮೇಲೆ ತೂಕಡಿಸುತ್ತಿತ್ತು.

ಅವಳು ಒಂದೊಂದೇ ಎಳೆ ಬಿಡಿಸಿದಳು. ಆ ಟ್ರಾನ್ಸ್‌ಮಿಟರಿನ ದನಿ ಹತ್ತು ಹೆಜ್ಜೆ ದಾಟುವುದಿಲ್ಲ. ಕಾರಿನಲ್ಲಿ ದನಿ ಬಂತೆಂದರೆ ಪ್ಲೇಯರು ಆಗ ಮನೆಯಲ್ಲೇ ಓಡುತ್ತಿತ್ತು. ಪೇಟೆಯಲ್ಲಿದ್ದ ಡ್ರೈವರ್ ಅದನ್ನು ಓಡಿಸಿರಲಾರ. ಮಾರುವ ಆಸೆಯವನು ಇಯರ್‌ಫೋನನ್ನು ಬಿಟ್ಟು ಹೋಗುವುದಿಲ್ಲ. ಟ್ರಾನ್ಸ್‌ಮಿಟರನ್ನೂ ಒಯ್ದು ಇಯರ್‌ಫೋನನ್ನು ಬಿಟ್ಟವರಿಗೆ ಕೇಳುವ ಆಸೆಯಿದೆ, ಆದರೆ ರೇಡಿಯೋದಲ್ಲಿ ಮಾತ್ರ ಕೇಳಬಲ್ಲರು. ಮೈದುನನ ಹತ್ತಿರ ರೇಡಿಯೋ ಇಲ್ಲ, ಇಯರ್‌ಫೋನು ಅವನಿಗೆ ಅಭ್ಯಾಸ. ದರ್ಜಿಯ ರೇಡಿಯೋ ಆ ಹೊತ್ತಿನಲ್ಲಿ ಹಾಡುತ್ತಿತ್ತು.

"ಉಳಿದದ್ದು ಒಂದೇ ರೇಡಿಯೋ," ಎಂದಳು. "ಅದು ಕೆಟ್ಟಿಲ್ಲ. ಅದರ ಮುಳ್ಳು ಎಂಬತ್ತೆಂಟರಲ್ಲಿ, ಖಾಲಿ ಜಾಗದಲ್ಲಿ ನಿಂತಿತ್ತು. ಎರಡು ಕಿವಿಯಲ್ಲೂ ಯಂತ್ರ ಇರೋರಿಗೆ ಇಯರ್‌ಫೋನು ಕೂರೋದಿಲ್ಲ."

ಅಜ್ಜಿ ಸೆರಗಿನ ಗಂಟು ಬಿಚ್ಚಿ ಪ್ಲೇಯರನ್ನೂ ಟ್ರಾನ್ಸ್‌ಮಿಟರನ್ನೂ ಸೊಸೆಯ ಮಡಿಲಲ್ಲಿಟ್ಟರು.

"ಹೇಗೆ ಸಿಕ್ಕಿಸ್ಬೇಕು ಅಂತ ಅವನೇ ಒಂದ್ಸಲ ತೋರಿಸ್ಕೊಟ್ಟಿದ್ದ. ದಿನಾ ಬೆಳಿಗ್ಗೆ ನೀನು ಅವನನ್ನ ಗಾಡೀಲಿ ಕರ್ಕೊಂಡು ಹೋಗ್ಬಿಡ್ತಿದ್ದೆ. ನಾನು ಗೇಟ್ ಹಾಕಿ ಒಳಗೆ ಬರ್ತಿದ್ದೆ," ಎಂದರು. "ನಿನ್ನನ್ನ ಕೇಳಿದ್ರೆ ಎಲ್ಲಿ ಅಳ್ತೀಯೋ ಅಂತ ಕೇಳ್ಲಿಲ್ಲ, ಮೊಳೇಲಿದ್ದ ಕೀ ತಗೊಂಡು ಹೋಗಿ ತಂದ್ಬಿಟ್ಟೆ. ಮೊನ್ನೆ ನೀನು ಕಾರಲ್ಲಿ ತಲೆಯೆತ್ತಿದ್ದು ಕಿಟಕೀಲಿ ಕಾಣ್ತು, ಹೆದರಿ ಆರಿಸ್ಬಿಟ್ಟೆ."

ಡ್ರೈವರನ ಕೆಲಸ ಹೋಗಲಿರುವುದು ಅಜ್ಜಿಗೆ ಗೊತ್ತೇ ಇರಲಿಲ್ಲ. ಗೊತ್ತಾದಾಗ ಅವರು ಎದ್ದು ಅವನ ಮುಂದೆ ಕೈಮುಗಿಯಹೋದರು. ಅವನು ಆ ಕೈಗಳನ್ನು ಹಿಡಿದು, ನನ್ನ ತಾಯಿಯಾದರೂ ಇದನ್ನೇ ಮಾಡುತ್ತಿದ್ದಳು ಎಂದ. ಮೈದುನ ಕಿವಿಯಿಂದ ಇಯರ್‌ಫೋನು ಕಿತ್ತು ಜೇಬಿಗೆ ಹಾಕಿಕೊಂಡು, ತಪ್ಪಾಯ್ತು, ನಾಳೆ ಎಂದಿನಂತೆ ಬಾ ಎಂದು ಡ್ರೈವರನಿಗೆ ಹೇಳಿದ.

ಡಾಕ್ಟರು ಅಳಲಿಲ್ಲ. ಕಾರಿನ ಬಾಗಿಲು ತೆರೆದು, "ಬನ್ನಿ ಅತ್ತೆ, ಒಂದು ಸುತ್ತು ಹೋಗ್ಬರೋಣ," ಎಂದರು.

ಅತ್ತೆ ಸೊಸೆ ಹಿಂದಿನ ಸೀಟಿನಲ್ಲಿ ಕೂತರು, ಡ್ರೈವರ್ ಗಾಡಿ ತೆಗೆದ. ಗೇಟು ದಾಟುವಾಗ ಕಾರಿನ ರೇಡಿಯೋದಿಂದ ಒಬ್ಬ ಗಂಡಸಿನ ನಗು ಕೇಳಿಸಿತು. ಅದರ ಹಿಂದೆಯೇ ಆ ಇಬ್ಬರು ಹೆಂಗಸರದೂ.