ಬಾನೆಟ್ ತಟ್ಟಿದ ಸದ್ದು

"ಅಚ್ಚುತ ಸತ್ತ ಮೇಲೆ ಇಲ್ಲಿ ಕೆಲಸ ಗೊತ್ತಿದ್ದವರು ಯಾರುಂಟು? ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಹೊಸ ಕಾರು ಕೊಟ್ಟದ್ದು ನನ್ನದೇ ತಪ್ಪು" ಎಂದು ಮಹೇಶ್ವರ ಭಟ್ರು ಕಡಬದ ನಮ್ಮ ಗ್ಯಾರೇಜಿನಲ್ಲಿ ಎಲ್ಲರೆದುರು ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಗ್ಯಾರೇಜಿನ ಕಟ್ಟಡ ಅವರದು. ಕಾರು ಸರಿಯಾಗದಿದ್ದರೆ ಖಾಲಿ ಮಾಡು ಎಂದಿದ್ದರು.

ಕಾರಿಗೆ ವರ್ಷ ತುಂಬಿರಲಿಲ್ಲ. ಆಗಲೇ ಎಂಜಿನ್ ತಡವರಿಸಿ ಮಿಸ್ ಹೊಡೆಯುತ್ತಿತ್ತು, ಚೆಕ್ ಎಂಜಿನ್ ದೀಪ ಆರುತ್ತಿರಲಿಲ್ಲ. ಸ್ಕ್ಯಾನರ್ ಹೇಳಿದಂತೆ ಪ್ಲಗ್, ಕಾಯಿಲ್ ಬದಲಿಸಿದರೂ ಅದೇ ಕಥೆ.

ಸಿಟ್ಟಿನಲ್ಲೇ ಒಳಗೆ ಕೂತು ಆಕ್ಸಿಲರೇಟರ್ ಒತ್ತಿದೆ. ಬಾನೆಟಿನ ಮೇಲೆ ಟಕ್ ಟಕ್ ಎಂದಿತು. ಅಚ್ಚುತಣ್ಣ ಇದ್ದಾಗ ಎಂಜಿನ್‌ಗೆ ಕಿವಿಗೊಟ್ಟು, ಉಂಗುರದ ಬೆರಳಿನಿಂದ ಹಾಗೆ ತಟ್ಟಿದರೆ "ಸಾಕು, ಇಲ್ಲಿ ನೋಡು" ಎಂದ ಹಾಗೆ. ಅಂಥ ಕಿವಿ ಸುಳ್ಯದಿಂದ ಪುತ್ತೂರಿನವರೆಗೆ ಇನ್ನೊಬ್ಬರಿಗಿರಲಿಲ್ಲ. ನನಗೆ ಶಾಲೆಯೆಂದರೆ ಅವರೇ.

ಇಳಿದು ಮುಟ್ಟಿದೆ. ಬೆಳಗ್ಗಿನಿಂದ ಓಡುತ್ತಿದ್ದ ಎಂಜಿನಿನ ಬಿಸಿಗೆ ಕಾದ ಬಾನೆಟಿನ ಮೇಲೆ ಅಂಗೈಯಗಲ ಜಾಗ ಮಾತ್ರ ಬಾವಿನೀರಿನಷ್ಟು ತಣ್ಣಗಿತ್ತು. ಬಾನೆಟ್ ಎತ್ತಿದರೆ ಸರಿಯಾಗಿ ಅದರ ಕೆಳಗೆ ಇಲಿ ಕಡಿದ ವಯರು. ಜೋಡಿಸಿದೆ. ಮಿಸ್ ನಿಂತಿತು, ದೀಪವೂ ಆರಿತು.

ಭಟ್ರು ಹತ್ತಿರ ಬಂದು ದನಿ ಇಳಿಸಿದರು.

"ಆಗ ತಟ್ಟಿದ್ದು ಯಾರು ಮಾರಾಯ? ಕಾರಿನ ಎದುರು ನಾನೊಬ್ಬನೇ ನಿಂತದ್ದು, ನಾನಂತೂ ಮುಟ್ಟಲಿಲ್ಲ."

ನಾನು ಕಾರಿನ ಕೀಯನ್ನು ಅವರ ಕೈಗಿಟ್ಟು ರಸ್ತೆಯತ್ತ ನಡೆದೆ.