ನಕ್ಷತ್ರವಿಲ್ಲದ ಎರಡು ಸಾಲು

ಭಾನುವಾರ ಬೆಳಗ್ಗೆ ಮರಿಯಮ್ಮನ ಇಡ್ಲಿ ಗಾಡಿಯ ಚಕ್ರದ ಬುಡದಲ್ಲಿ ಮತ್ತೆ ಆರು ಕವರ್ ಬಿದ್ದಿದ್ದವು. ಒಂದನ್ನು ನಾಯಿ ಹರಿದಿತ್ತು. ಹಳಸಿದ ಅನ್ನ, ಹುಳಿಯಲ್ಲಿ ನೆನೆದ ತರಕಾರಿ ಸಿಪ್ಪೆ, ಮೇಲೆ ಮುಸುರುವ ನೊಣ. ಥೂ! ಚಿಕ್ಕಲಸಂದ್ರದ ನಮ್ಮ ಬೀದಿಗೆ ಈ ತಿಂಗಳು ಪೂರ್ತಿ ಇದೇ ಸುಪ್ರಭಾತ.

“ನಾನ್ ಹಾಕಿಲ್ಲ ಸಾರ್,” ಮರಿಯಮ್ಮ ಅಳುದನಿಯಲ್ಲಿ ಹೇಳಿದಳು. “ನನ್ ಗಾಡಿ ಮುಂದೆ ನಾನೇ ಗಲೀಜು ಮಾಡ್ಕೊಂಡ್ರೆ ಯಾರ್ ಬಂದು ತಿಂತಾರೆ?”

ಯಾರೂ ನಂಬಲಿಲ್ಲ. ಬೀದಿಯ ಸಂಘದ ಕಾರ್ಯದರ್ಶಿ ವಾರಿಜಾ ಮೂಗಿಗೆ ಸೆರಗು ಹಿಡಿದು ನಿಂತಿದ್ದರು. ಮನೆಯಲ್ಲೇ ಅಡುಗೆ ಮಾಡಿ ಆಫೀಸಿನವರಿಗೆ ಡಬ್ಬಿ ಊಟ ಕಳಿಸುವವರು. ಮಡಿಗೆ ಹೆಸರಾದ ಮನೆ.

“ಗಾಡಿ ಎತ್ತಿಸಿ ಕೆಂಪರಾಜು,” ಎಂದರು ಗಾಡಿ ನಿಲ್ಲುವ ಜಾಗದ ಮಾಲೀಕನಿಗೆ. “ಇವಳದ್ದೇ ಕೆಲಸ.”

“ಸಂಜೆ ಮೀಟಿಂಗ್‌ನಲ್ಲಿ ತೀರ್ಮಾನ ಮಾಡ್ಬಿಡೋಣ ಮೇಡಂ.”

ನಾನು ಗಂಗಾಧರಯ್ಯ. ನಿವೃತ್ತಿಯಾದ ಮೇಲೆ ಹೊತ್ತು ಹೋಗದೆ ಪ್ರೋಗ್ರಾಮಿಂಗ್ ಕಲಿಯುತ್ತಿದ್ದೇನೆ. ಮೊದಲ ಪಾಠವೇ ಚಾರ್ಟ್— ಸಂಖ್ಯೆ ಕೊಟ್ಟರೆ ಅಷ್ಟು ನಕ್ಷತ್ರದ ಚಿಹ್ನೆಗಳು ಸಾಲಾಗಿ ಮೂಡಬೇಕು. ಅಭ್ಯಾಸಕ್ಕೆ ಬೇರೇನೂ ಸಿಗದೆ ದಿನಾ ಬೆಳಗ್ಗೆ ಈ ಕವರುಗಳನ್ನೇ ಎಣಿಸಿದೆ. ತಾರೀಖಿಗೊಂದು ಸಾಲು, ಕವರಿಗೊಂದು ನಕ್ಷತ್ರ. ಇಂಥ ಹೊಲಸಿಗೂ ನಕ್ಷತ್ರ ಕೊಡಬೇಕಾಯಿತಲ್ಲ ಎಂದು ನನಗೇ ಹೇಸಿಗೆಯಾಗಿತ್ತು.

ಮಧ್ಯಾಹ್ನ ನನ್ನ ಹೆಂಡತಿ ಜಯದೇವಿ ಕಂಪ್ಯೂಟರಿನ ಮುಂದೆ ಬಗ್ಗಿ ನೋಡಿದಳು. ಅವಳ ಕಣ್ಣು ತಪ್ಪಿಸುವುದು ಕಷ್ಟ.

“ರೀ, ಹನ್ನೊಂದಾದ್ಮೇಲೆ ಹದಿಮೂರು ಬಂದಿದೆ. ಹನ್ನೆರಡು ಎಲ್ಲಿ?”

“ಅವತ್ತು ಕಸ ಬಿದ್ದಿರ್ಲಿಲ್ಲ. ಖಾಲಿ ಸಾಲು ನೋಡೋಕೆ ಚೆನ್ನಾಗಿರಲ್ಲ ಅಂತ, ಸೊನ್ನೆ ಬಂದ್ರೆ ಬಿಟ್ಬಿಡು ಅಂತ ಬರೆದೆ.”

“ಇನ್ಯಾವುದು ಬಿಟ್ಟಿದೆ?”

“ಇಪ್ಪತ್ತೇಳು.”

“ಮರಿಯಮ್ಮಂಗೆ ರಜ ಯಾವತ್ತು?”

“ಮಂಗಳವಾರ. ಯಾಕೆ?”

“ಬುಧವಾರ ಬೆಳಗ್ಗೆ ನಕ್ಷತ್ರ ಕಮ್ಮಿ ಇದ್ಯಾ?”

ಇರಲಿಲ್ಲ. ಅವಳು ಗೋಡೆಯ ಕ್ಯಾಲೆಂಡರ್ ನೋಡಿ ತುಟಿ ಬಿಗಿದಳು. “ಆ ಎರಡು ಸಾಲು ವಾಪಸ್ ತನ್ನಿ. ಪ್ರಿಂಟ್ ತಗೊಳ್ಳಿ.”

ಸಂಜೆ ಕೆಂಪರಾಜುವಿನ ಅಂಗಳದಲ್ಲಿ ಮೀಟಿಂಗ್. ಮರಿಯಮ್ಮ ಮೂಲೆಯಲ್ಲಿ ನಿಂತಿದ್ದಳು. ಜಯದೇವಿ ತಣ್ಣಗೆ ಕೇಳಿದಳು— “ವಾರಿಜಾ ಮೇಡಂ, ಡಬ್ಬಿ ಊಟ ದಿನಾ ಕಳಿಸ್ತೀರಾ?”

“ದಿನಾ. ಭಾನುವಾರಾನೂ.”

“ಒಂದಿನಾನೂ ತಪ್ಪಲ್ವಾ?”

“ಏಕಾದಶಿ ಮಾತ್ರ ಇಲ್ಲ,” ವಾರಿಜಾ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡರು. “ಅವತ್ತು ನಮ್ಮನೇಲಿ ಒಲೆ ಹಚ್ಚೋದೇ ಇಲ್ಲ.”

ಜಯದೇವಿ ಹಾಳೆ ಬಿಡಿಸಿದಳು.

“ಬೆಳಗ್ಗೆ ಸಿಗೋ ಕವರಲ್ಲಿ ಇರೋದು ಹಿಂದಿನ ದಿನದ ಕಸ. ಈ ತಿಂಗಳು ಕವರ್ ಬೀಳದೇ ಇದ್ದಿದ್ದು ಎರಡೇ ಬೆಳಗ್ಗೆ— ಹನ್ನೆರಡು, ಇಪ್ಪತ್ತೇಳು. ನಮ್ಮೆಜಮಾನ್ರು ಖಾಲಿ ಸಾಲು ಅಂತ ತೆಗೆದುಹಾಕಿದ್ರು. ಹಿಂದಿನ ದಿನ ಏನಿತ್ತು ಗೊತ್ತಾ? ಎರಡು ಸಲಾನೂ ಏಕಾದಶಿ! ಮರಿಯಮ್ಮ ಅವತ್ತೂ ಇಡ್ಲಿ ಬೇಯ್ಸಿದ್ಲು. ನಮ್ಮೆಜಮಾನ್ರೇ ತಿಂದು ಬಂದಿದ್ದಾರೆ. ಅವಳು ರಜ ಹಾಕಿದಾಗ್ಲೂ ಕಸ ಬಿದ್ದಿದೆ. ಹಾಗಾದ್ರೆ ಆ ಎರಡು ದಿನ ಒಲೆ ಆರಿದ್ದ ಅಡುಗೆಮನೆ ಯಾವುದು ಮೇಡಂ? ನಿಮ್ಮದೇ!”

ವಾರಿಜಾರ ಮುಖ ಬಿಳಿಚಿಕೊಂಡಿತು.

“ಕಸದ ಆಟೋದವ್ರು ಅಷ್ಟೊಂದು ತಗೊಳ್ಳಲ್ಲ... ಡಬ್ಬೀಲಿ ವಾಪಸ್ ಬಂದ ಎಂಜಲು ಬೇರೆ. ರಾತ್ರಿಯೆಲ್ಲಾ ಮನೇಲಿಟ್ಕೊಳ್ಳೋಕಾಗುತ್ತಾ? ಮಡಿ ಮನೆ ನಮ್ದು.”

“ಅದಕ್ಕೆ ಆಯಮ್ಮ ಅನ್ನ ದುಡಿಯೋ ಜಾಗದಲ್ಲಿ ಇಟ್ರಾ?” ಕೆಂಪರಾಜು ಎದ್ದು ನಿಂತ. “ಮರಿಯಮ್ಮ, ಗಾಡಿ ಅಲ್ಲೇ ಇರ್ಲಿ. ಯಾರ್ ಎತ್ತಿಸ್ತಾರೋ ನೋಡ್ತೀನಿ.”

ಮರಿಯಮ್ಮ ಮುಖ ಮುಚ್ಚಿಕೊಂಡು ಅತ್ತಳು. ಬೆಳಗ್ಗೆ ಆ ಕಸ ನೋಡಿದಾಗ ಬಾರದ ವಾಕರಿಕೆ, ‘ಮಡಿ ಮನೆ’ ಎಂಬ ಮಾತು ಕೇಳಿ ನನಗೆ ಈಗ ಬಂತು.

ಸೋಮವಾರ ಬೆಳಗ್ಗೆ ಎರಡು ಇಡ್ಲಿ ತಿಂದು ಬಂದು ಪ್ರೋಗ್ರಾಮ್ ಓಡಿಸಿದೆ. ತಾರೀಖಿನ ಮುಂದೆ ಒಂದೂ ನಕ್ಷತ್ರವಿರಲಿಲ್ಲ. ಆ ಖಾಲಿ ಸಾಲನ್ನು ಹಾಗೇ ಉಳಿಸಿದೆ.