ಪೇಟದ ಅಜ್ಜನ ತಿಥಿ ಕಾರ್ಡು

ಹಾಲೇಶ ಒಮ್ಮೆ ಕೆಮ್ಮಿದರೆ ಸಾಕು, ಕಂಪ್ಯೂಟರಿನೊಳಗಿನ ವೈರಸ್ಸು ಹೆದರಿ ಬೀರೂರು ಜಂಕ್ಷನ್ನಿನವರೆಗೆ ಓಡಿಹೋಗಿ, ಸಿಕ್ಕಿದ ರೈಲು ಹತ್ತಿ ರಾಜ್ಯ ಬಿಡುತ್ತಿತ್ತು. ತರೀಕೆರೆ ಬಸ್‌ಸ್ಟ್ಯಾಂಡಿನ ಎದುರಿನ ರಿಪೇರಿ ಅಂಗಡಿಯಲ್ಲಿ ಕೂತು ಹದಿಮೂರು ವರ್ಷದಲ್ಲಿ ಅವನು ಕೊಂದ ವೈರಸ್ಸು ಒಂದು ಲಕ್ಷದ ನಲವತ್ತು ಸಾವಿರ. ಲೆಕ್ಕ ಇಟ್ಟವನೂ ಅವನೇ. ಹೀಗಿರುವಾಗ ಜುಲೈ 14ರ ಸೋಮವಾರ ಅಜ್ಜಂಪುರ ಠಾಣೆಯಿಂದ ಫೋನು ಬಂದದ್ದೇ ತಡ, ಇಡೀ ಪೊಲೀಸ್ ಇಲಾಖೆ ತನ್ನ ಕಾಲು ಹಿಡಿದಂತೆ ಅವನಿಗೆ ಅನ್ನಿಸಿತು.

ದೂರು ಠಾಣೆಗೆ ಬಂದದ್ದು ಬೆಳಿಗ್ಗೆ 9:20ಕ್ಕೆ. ಕೊಟ್ಟವಳು ಗಾನವಿ, ಅಜ್ಜಂಪುರದಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿಯವಳು. ಶನಿವಾರ ಶ್ರೀಜಾ ಎಂಬ ಹುಡುಗಿಯ ನರ್ಸಿಂಗ್ ಸೀಟಿನ ಪುಟ ತೆರೆದಿಟ್ಟಿದ್ದಾಗ, ಮೌಸಿಗೆ ಯಾರ ಕೈಯೂ ಸೋಕದೆ ಪರದೆಯ ಮೇಲಿನ ಬಾಣ ತಾನೇ ಹುಚ್ಚೆದ್ದು ಓಡಾಡಿ ‘ಸೀಟು ರದ್ದು’ ಒತ್ತಿತ್ತು. ಬೇರೆಯವರು ರದ್ದು ಮಾಡಿದ್ದೆಂದು ಪೊಲೀಸ್ ದಾಖಲೆ ಸೋಮವಾರ ಸಂಜೆ ಐದರೊಳಗೆ ಬಂದರೆ ನೋಡುತ್ತೇವೆ, ಇಲ್ಲದಿದ್ದರೆ ಸೀಟು ಮುಂದಿನವರಿಗೆ ಎಂದು ಪ್ರವೇಶ ಕಚೇರಿಯವರು ಹೇಳಿದ್ದರು. 10:05ಕ್ಕೆ ಎಫ್‌ಐಆರ್ ದಾಖಲಾಯಿತು. ರಿಪೇರಿ ಬಲ್ಲವರು ಯಾರೆಂದು ಕೇಳಿದ್ದಕ್ಕೆ ಗಾನವಿ ಹಾಲೇಶನ ಹೆಸರು ಹೇಳಿದ್ದಳು.

11:30ಕ್ಕೆ ಹಾಲೇಶ ಗಾನವಿಯ ಅಂಗಡಿಗೆ ಬಂದಾಗ ಇನ್ಸ್‌ಪೆಕ್ಟರ್ ಮಾಲಿನಿ ಅಲ್ಲೇ ಇದ್ದರು.

“ಯಾವುದೋ ಫೈಲ್ ತೆಗೆದ ಮೇಲೆ ಹಿಂಗಾಗಿದೆ. ನೋಡಿ ಹೇಳಿ.”

“ನೋಡೋದೇನ್ ಮೇಡಂ. ಐದು ನಿಮಿಷ. ಫಾರ್ಮ್ಯಾಟ್ ಹೊಡೆದ್ಬಿಡ್ತೀನಿ, ಹುಟ್ಟಿದ ಕೂಸಿನ ಥರ ಆಗುತ್ತೆ.”

“ಕೈ ಇಡಬ್ಯಾಡ ಕಣಪ್ಪ,” ಎಂದ ಹೆಡ್ ಕಾನ್‌ಸ್ಟೆಬಲ್ ಈರಭದ್ರಪ್ಪ. “ಎಲ್ಲಾ ಅಳಿಸಿದ್ರೆ ಸಾಕ್ಷಿನೂ ಹೋಗುತ್ತೆ.”

ಒಂದೇ ಬೆರಳಲ್ಲಿ ಟೈಪು ಮಾಡುವ, ನಿವೃತ್ತಿಗೆ ವರ್ಷವೂ ಇಲ್ಲದ ಈ ಮನುಷ್ಯ ಆಗಲೇ ಇಂಟರ್ನೆಟ್ಟಿನ ವೈರು ಕಿತ್ತಿಟ್ಟಿದ್ದ. ಹಾಲೇಶನಿಗೆ ನಗು ಬಂತು.

“ಇದು ಒಳಗೆ ಹೆಂಗ್ ಬಂತು?” ಮಾಲಿನಿ ಕೇಳಿದರು.

ಎರಡು ವರ್ಷದಿಂದ ಯಾರೂ ಅವನನ್ನು ಹೀಗೆ ಕೂರಿಸಿ ಕೇಳಿರಲಿಲ್ಲ. ಹಾಲೇಶ ಕುರ್ಚಿ ಮುಂದಕ್ಕೆಳೆದುಕೊಂಡ.

“ಇದು ಟ್ರೋಜನ್ ಮೇಡಂ. ತಾನಾಗೇ ನುಗ್ಗಲ್ಲ, ನಾವೇ ಬಾಗಿಲು ತೆಗೀಬೇಕು. ಹೊರಗೆ ಫೋಟೋ ವೇಷ, ಒಳಗೆ ಪ್ರೋಗ್ರಾಂ. ಒತ್ತಿದ್ರೆ ಪೇಟದ ಅಜ್ಜ ಕಾಣ್ತಾನೆ, ಹೆಗಲ ಮೇಲೆ ಕೊಡೆ. ನಾವು ಅಜ್ಜನ್ನ ನೋಡ್ತಾ ಇರೋಷ್ಟ್ರಲ್ಲಿ, ಕಂಪ್ಯೂಟರ್ ಆನ್ ಆದಾಗೆಲ್ಲ ತಾನೂ ಏಳೋ ಹಂಗೆ ಅದು ಹೆಸರು ಬರೆಸ್ಕೊಂಡಿರುತ್ತೆ. ಆಮೇಲೆ ಕಾರ್ಡ್ ಅಳಿಸಿದ್ರೂ ಅದು ಹೋಗಲ್ಲ. ಎಲ್ಲೋ ಕೂತವನು ಇಲ್ಲಿ ಬಾಣ ಆಡಿಸ್ತಾನೆ.”

ಬರೆಯುತ್ತಿದ್ದ ಮಾಲಿನಿ ಪೆನ್ನು ನಿಲ್ಲಿಸಿದರು. “ಗಾನವಿ, ಆ ಫೈಲ್ ಎಲ್ಲಿದೆ?”

“ಇಲ್ಲ ಮೇಡಂ. ತಿಥಿ ಕಾರ್ಡ್ ಅದು. ಇಟ್ಕೋಬಾರ್ದು ಅಂತ ಓದಿದ್ ತಕ್ಷಣ ಅಳಿಸ್ಬಿಟ್ಟೆ.”

“ಕಡೂರಲ್ಲಿ ಒಂದು ಅಂಗಡಿ, ತರೀಕೆರೇಲಿ ಒಂದು,” ಎಂದ ಈರಭದ್ರಪ್ಪ. “ಬೆಳಿಗ್ಗೆ ಫೋನ್ ಮಾಡಿದ್ದೆ. ಅವ್ರಿಗೂ ಬಂದಿತ್ತು, ಅವ್ರೂ ಅಳಿಸವ್ರೆ. ಸಾವಿನ ಕಾರ್ಡ್ ಹರಿದು ಹೊರಗೆ ಎಸೆಯೋ ಜನ ನಾವು. ಮೂರೂರಲ್ಲೂ ಅಜ್ಜ ಉಳಿದಿಲ್ಲ. ನಿಂಗೆ ಯಾರಪ್ಪ ತೋರಿಸಿದ್ದು?”

“ನಂಗೂ ಬಂದಿತ್ತು ಸಾರ್.”

“ತೋರಿಸು.”

“ಅಳಿಸ್ದೆ.”

“ಸರಿ. ನಿನ್ ಲ್ಯಾಪ್‌ಟಾಪೂ ನೋಡೇ ಬಿಡೋಣ.”

1:40ಕ್ಕೆ ತರೀಕೆರೆಯ ಅಂಗಡಿಯಲ್ಲಿ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಮೇಜಿನ ಮೇಲೆ ಧೂಳು ಹಿಡಿದ ಎಂಟು ಕೀಬೋರ್ಡು, ಒಂದಕ್ಕೂ ವಾರಸುದಾರರಿಲ್ಲ. ಲ್ಯಾಪ್‌ಟಾಪು ತೆರೆದರೆ ಪೇಟದ ಅಜ್ಜ ಕೊಡೆಯ ಸಮೇತ ಅಲ್ಲಿದ್ದ. ಪರದೆಯ ಮೇಲೆ ಅವನ ಪಕ್ಕದ ಕಿಟಕಿಯಲ್ಲಿ ಮೂರು ಅಂಗಡಿಗಳ ಕಂಪ್ಯೂಟರುಗಳ ಹೆಸರುಗಳಿದ್ದವು. ಲ್ಯಾಪ್‌ಟಾಪನ್ನು ಜಪ್ತಿ ಮಾಡಿ ಮೊಹರು ಹಾಕಲಾಯಿತು.

ಸಮಯ 3:50. ಅಜ್ಜಂಪುರ ಠಾಣೆಯ ಬೆಂಚಿನ ಮೇಲೆ ಶ್ರೀಜಾ ಬೆಳಗಿನಿಂದ ಕೂತಿದ್ದಳು.

“ಹೊರದೇಶದ ಹ್ಯಾಕರ್ ಮೇಡಂ,” ಎಂದು ಹಾಲೇಶ ಶುರುಮಾಡಿದ. “ನನ್ನ ಲ್ಯಾಪ್‌ಟಾಪೊಳಗೇ ಕೂತು ಆಡಿಸ್ತಿದ್ದ. ಮೂರು ದಿನ ಅವನ ಜೊತೆ ಒಬ್ಬನೇ ಹೊಡೆದಾಡಿದ್ದೀನಿ.”

“ಲ್ಯಾಬ್ ವರದಿ ಬರೋಕೆ ತಿಂಗಳುಗಟ್ಟಲೆ ಆಗುತ್ತೆ ಹಾಲೇಶ್. ಸೀಟಿಗೆ ಉಳಿದಿರೋದು ಒಂದು ಗಂಟೆ ಹತ್ತು ನಿಮಿಷ. ಒತ್ತಿದೋರು ಯಾರು ಅಂತ ಹೇಳಿಕೆ ಬೇಕು.”

ಶ್ರೀಜಾ ಎದ್ದು ಬಂದಳು. ಅತ್ತೂ ಅತ್ತೂ ಅವಳ ದನಿ ಒಣಗಿತ್ತು. “ಮನೇಲಿ ನಾನೇ ಒತ್ತಿದ್ದು ಅಂತವ್ರೆ. ನಾನಲ್ಲ ಅಂತ ಅಷ್ಟು ಬರ್ಕೊಡಣ್ಣ.”

ಹಾಲೇಶನ ಬಾಯಲ್ಲಿ ಇನ್ನೂ ಮೂರು ದೇಶದ ಹ್ಯಾಕರುಗಳು ಸಾಲಾಗಿ ನಿಂತಿದ್ದರು. ಒಬ್ಬನೂ ಹೊರಗೆ ಬರಲಿಲ್ಲ.

“ಒತ್ತಿದ್ದು ನಾನೇ ಮೇಡಂ,” ಎಂದ. “ರದ್ದು ಮಾಡ್ಬೇಕು ಅಂತಲ್ಲ. ಬಾಣ ಓಡಾಡಿಸಿದ್ರೆ ಗಾನವಿ ಹೆದರ್ಕೊಂಡು ನಂಗೆ ಫೋನ್ ಮಾಡ್ತಾಳೆ ಅಂತ ಕಂಡ ಕಂಡಲ್ಲಿ ಒತ್ತಿದೆ. ಯಾವ ಪುಟ ಅಂತಾನೂ ಓದಲಿಲ್ಲ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ನನ್ನ ಕರೆಯೋರೇ ಇಲ್ಲ. ಮೊದಲು ಕಡೂರಿಂದ ಬೈಕ್ ಕಳಿಸಿ ಕರೆಸ್ಕೊಳ್ಳೋರು. ನಾನು ಬರೋವರೆಗೂ ಅಂಗಡಿ ಬಾಗಿಲು ಹಾಕ್ತಿರಲಿಲ್ಲ.”

4:32ಕ್ಕೆ ಎಫ್‌ಐಆರ್ ಪ್ರತಿಯೂ ಹೇಳಿಕೆಯೂ ಪ್ರವೇಶ ಕಚೇರಿಗೆ ಹೋದವು. ‘ಸ್ವೀಕರಿಸಲಾಗಿದೆ, ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂತು. ಶ್ರೀಜಾ ಅದನ್ನೇ ನಾಲ್ಕು ಸಲ ಓದಿದಳು. 4:45ಕ್ಕೆ ಹಾಲೇಶನ ಬಂಧನ ದಾಖಲಾಯಿತು.

“ಸಾಕ್ಷಿಗೆ ನಿನ್ ಕಂಪ್ಯೂಟರಿನ ಪ್ರತಿ ನಾವು ತೆಗೆದಾದ ಮೇಲೆ ಶುರು ಮಾಡವ್ವ,” ಈರಭದ್ರಪ್ಪ ಠಾಣೆಗೆ ಬಂದಿದ್ದ ಗಾನವಿಗೆ ಹೇಳುತ್ತಿದ್ದ. “ಪಾಸ್‌ವರ್ಡ್ ಎಲ್ಲಾ ಮೊದಲು ಬೇರೆ ಮಿಷಿನ್‌ನಲ್ಲಿ ಬದಲಾಯಿಸು. ಆಮೇಲೆ ಶುದ್ಧವಾದ ಪೆನ್‌ಡ್ರೈವಿಂದ ಕಂಪ್ಯೂಟರ್ ಎಬ್ಬಿಸಿ ಸ್ಕ್ಯಾನ್ ಮಾಡಿಸು. ಆನ್ ಆದಾಗ ಏಳೋ ಪ್ರೋಗ್ರಾಂಗಳ ಪಟ್ಟಿಯಿಂದ ಅದನ್ನ ಕೀಳ್ಬೇಕು. ಅನುಮಾನ ಉಳಿದ್ರೆ ಜನರ ಕಾಗದಪತ್ರ ಅಷ್ಟೇ ಬೇರೆ ಇಟ್ಕೊಂಡು, ಎಲ್ಲಾ ಹೊಸದಾಗಿ ಹಾಕಿಸು.” ಅವನು ಹಾಲೇಶನ ಕಡೆ ತಿರುಗಿದ. “ನೀನು ಇಂಥವು ಎಷ್ಟು ತೆಗೆದಿದ್ದೀಯಪ್ಪ? ಈಗಲಾದ್ರೂ ನಿಜ ಹೇಳು.”

ಹಾಲೇಶ ನೆಲ ನೋಡಿದ.

“ಒಂದೂ ಇಲ್ಲ ಸಾರ್. ಫಾರ್ಮ್ಯಾಟ್ ಹೊಡೆಯೋದೊಂದೇ ನಂಗೆ ಬರೋದು. ಈ ಟ್ರೋಜನ್ನೂ ಎಲ್ಲಿಂದಲೋ ಇಳಿಸ್ಕೊಂಡಿದ್ದು. ಮೊದಲು ಅದು ಹೊಕ್ಕಿದ್ದು ನನ್ನ ಲ್ಯಾಪ್‌ಟಾಪಿಗೇ. ಎಂಟು ತಿಂಗಳಾಯ್ತು. ಹೆಂಗ್ ತೆಗೆಯೋದು ಅಂತ ಯಾರನ್ನಾದ್ರೂ ಕೇಳೋಣ ಅಂದ್ರೆ, ನಾಚಿಕೆ ಆಯ್ತು.”